ಡ್ರೈವಿಂಗ್ ಪರೀಕ್ಷೆ ಕಣ್ಣಿಗೂ ನಡೆಯಲಿ

ಮಾನ್ಯ ಸಂಪಾದಕರೇ,

ಕಾರು ಓಡಿಸಲು ಕಲಿಸುವುದು ನನ್ನ ಕೆಲಸ. ಪರೀಕ್ಷೆ ಹತ್ತಿರ ಬಂತು ಅಂದರೆ ಕಲಿಯುವವರು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: 'ಅಲ್ಲಿ ಏನೇನು ಮಾಡಿಸ್ತಾರೆ?' ಕಲಿಸುವವರಲ್ಲಿ ಬಹಳ ಮಂದಿ ಅಷ್ಟಕ್ಕೇ ಉತ್ತರ ಕೊಟ್ಟು ಮುಗಿಸುತ್ತಾರೆ. ಈ ಕಂಬ ಕಿಟಕಿಯ ನೇರಕ್ಕೆ ಬಂದಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಆ ಗೆರೆ ಕನ್ನಡಿಯಲ್ಲಿ ಕಂಡಾಗ ನೇರ ಮಾಡಿ, ಅಲ್ಲಿ ಇಂಡಿಕೇಟರ್ ಹಾಕಿ. ಹೀಗೆ ಕಲಿತವರು ಪಾಸಾಗುತ್ತಾರೆ ಕೂಡ. ಆದರೆ ಕಂಬವೂ ಗೆರೆಯೂ ಇಲ್ಲದ ರಸ್ತೆಯಲ್ಲಿ ಅವರಿಗೆ ದಿಕ್ಕೇ ತೋಚುವುದಿಲ್ಲ. ಯಾಕೆಂದರೆ ಅವರು ಕಲಿತದ್ದು ಕೈಕಾಲಿನ ಕೆಲಸ ಮಾತ್ರ. ನೋಡುವುದನ್ನು ಯಾರೂ ಕಲಿಸಲಿಲ್ಲ, ಪರೀಕ್ಷೆಯಲ್ಲಿ ಯಾರೂ ಕೇಳಲೂ ಇಲ್ಲ.

ಹೊಸಬರ ಕಣ್ಣು ಎಲ್ಲಿರುತ್ತದೆ ಎಂಬುದು ಇವತ್ತು ನಿನ್ನೆ ಗೊತ್ತಾದ ವಿಷಯವಲ್ಲ. ಮೌರಂಟ್ ಮತ್ತು ರಾಕ್‌ವೆಲ್ ಎಂಬ ಸಂಶೋಧಕರು ಕಾರು ಓಡಿಸುವವರ ಕಣ್ಣಿನ ಚಲನೆ ದಾಖಲಿಸಿ 1972ರಲ್ಲೇ ಬರೆದಿದ್ದರು. ಅನುಭವ ಇದ್ದವರು ದೂರಕ್ಕೆ, ಅಗಲಕ್ಕೆ ನೋಡುತ್ತಿದ್ದರು, ಕನ್ನಡಿಯನ್ನೂ ಜಾಸ್ತಿ ನೋಡುತ್ತಿದ್ದರು. ಹೊಸಬರ ನೋಟ ಗಾಡಿಯ ಮುಂದಿನ ಸ್ವಲ್ಪ ಜಾಗದಲ್ಲೇ, ರಸ್ತೆಯ ಅಂಚಿನಲ್ಲೇ ಸುತ್ತುತ್ತಿತ್ತು. ನಾನು ಪಕ್ಕದ ಸೀಟಿನಲ್ಲಿ ಕೂತು ನೋಡುವುದೂ ಇದನ್ನೇ. ಬಾನೆಟ್ ನೋಡಿಕೊಂಡು ಓಡಿಸುವವರು ಗೆರೆಯ ಮೇಲೆ ಹೋಗದಂತೆ ಗಾಡಿಯನ್ನು ಹಿಡಿದಿಡಲು ಒದ್ದಾಡುತ್ತಿರುತ್ತಾರೆ. ನೋಟವನ್ನು ದೂರಕ್ಕೆ ಎತ್ತಿ ಅಂತ ಒಂದು ಮಾತು ಹೇಳಿದರೆ ಸಾಕು, ಸ್ಟೇರಿಂಗ್ ತಾನಾಗಿಯೇ ಸುಮ್ಮನಾಗುತ್ತದೆ.

ಗಂಟೆಗೆ 50 ಕಿಲೋಮೀಟರ್ ವೇಗ ಅಂದರೆ ಒಂದು ಸೆಕೆಂಡಿಗೆ ಸುಮಾರು 14 ಮೀಟರ್. ಗೇರ್ ಲಿವರ್ ಎಲ್ಲಿದೆ ಅಂತ ಒಂದು ಸೆಕೆಂಡು ಕೆಳಗೆ ನೋಡಿದರೆ ಅಷ್ಟು ದೂರ ಕಣ್ಣುಮುಚ್ಚಿ ಹೋದ ಹಾಗೆಯೇ. ಇನ್ನು ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ಅಪಾಯವನ್ನು ತಡವಾಗಿ ಕಂಡವರಿಗೆ ಎಷ್ಟು ಒಳ್ಳೆಯ ಬ್ರೇಕ್ ಇದ್ದರೂ ಏನು ಪ್ರಯೋಜನ? ಕ್ಲಚ್, ಗೇರ್ ಎಲ್ಲ ಖಾಲಿ ಜಾಗದಲ್ಲಿ ಮೊದಲು ಕೈಗೆ, ಕಾಲಿಗೆ ರೂಢಿಯಾಗಬೇಕು ಎನ್ನುವುದು ಇದಕ್ಕೇ. ಅವು ರೂಢಿಯಾದರೆ ಕಣ್ಣಿಗೆ ಬಿಡುವು ಸಿಗುತ್ತದೆ.

ನನಗೆ ತುಂಬಾ ಬೇಸರ ತರಿಸುವ ಒಂದು ಸಲಹೆ ಇದೆ. 'ಕನ್ನಡಿ ನೋಡುವಾಗ ತಲೆಯನ್ನು ಚೆನ್ನಾಗಿ ತಿರುಗಿಸಿ, ಪರೀಕ್ಷಕರಿಗೆ ಕಾಣಬೇಕು.' ಇದರಿಂದ ಕಲಿಯುವವರು ತಲೆ ತಿರುಗಿಸುವುದನ್ನು ಕಲಿಯುತ್ತಾರೆ, ನೋಡುವುದನ್ನಲ್ಲ. ಕನ್ನಡಿ ನೋಡಿದ ತಕ್ಷಣ 'ಹಿಂದೆ ಯಾವ ಗಾಡಿ ಇದೆ?' ಅಂತ ಕೇಳಿ ನೋಡಿ. ಬಹಳ ಮಂದಿ ಮತ್ತೊಮ್ಮೆ ಕನ್ನಡಿ ನೋಡಿ ಉತ್ತರ ಹೇಳುತ್ತಾರೆ. ಮೊದಲ ನೋಟದಲ್ಲಿ ಅವರು ಏನನ್ನೂ ಕಂಡಿರಲಿಲ್ಲ ಅಂತಾಯಿತು ಅಲ್ವಾ? ಹಿಂದಿನ ಬೈಕು ಹತ್ತಿರ ಬರುತ್ತಿದೆಯೇ, ದೂರ ಉಳಿದಿದೆಯೇ, ಪಕ್ಕಕ್ಕೆ ಸರಿಯುತ್ತಿದೆಯೇ ಎಂದು ಗೊತ್ತಾದರೆ ಮಾತ್ರ ಅದು ನೋಟ. ಕನ್ನಡಿಗೆ ಸಿಗದ ಜಾಗವೂ ಇರುತ್ತದೆ. ಬದಿಗೆ ಸರಿಯುವ ಮೊದಲು ಭುಜದ ಮೇಲಿಂದ ಒಮ್ಮೆ ನೋಡುವುದು ಅದಕ್ಕೆ. ಪಕ್ಕದಲ್ಲಿ ಬರುವ ಬೈಕನ್ನೋ ಸೈಕಲ್ಲನ್ನೋ ಆ ಜಾಗ ಪೂರ್ತಿ ಮರೆಮಾಡಿಬಿಡುತ್ತದೆ.

ಪರೀಕ್ಷೆಗೆ ತಯಾರಾಗುತ್ತಿರುವವರಿಗೆ ನಾನು ಮಾಡಿಸುವ ಅಭ್ಯಾಸವೊಂದಿದೆ. ಇದು ನಾನು ಕಂಡುಹಿಡಿದದ್ದಲ್ಲ, ಪೊಲೀಸ್ ಡ್ರೈವರ್‌ಗಳ ತರಬೇತಿಯಲ್ಲೂ ಬಳಸುವ ಕ್ರಮ. ಓಡಿಸುತ್ತಲೇ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ನಿಂತಿರುವ ಕಾರಿನ ಮುಂದಿನ ಚಕ್ರ ರಸ್ತೆಯ ಕಡೆ ತಿರುಗಿದೆ, ಹೊರಡಬಹುದು. ಈ ಕಾರಿನಲ್ಲಿ ಡ್ರೈವರ್ ತಲೆ ಕಾಣುತ್ತಿದೆ, ಬಾಗಿಲು ತೆರೆಯಬಹುದು. ಲಾರಿಯ ಕೆಳಗೆ ಆಚೆ ಬದಿ ಯಾರದೋ ಕಾಲು ಕಾಣುತ್ತಿದೆ, ದಾಟಬಹುದು. ಮುಂದಿನ ಸೈಕಲ್ಲಿನವರು ಹಿಂತಿರುಗಿ ನೋಡಿದರು, ತಿರುಗಬಹುದು. ಹಸಿರು ದೀಪ ಆಗಲೇ ಬಹಳ ಹೊತ್ತಿನಿಂದ ಇದೆ, ನಾನು ತಲುಪುವಷ್ಟರಲ್ಲಿ ಬದಲಾಗಬಹುದು. ಮೊದಮೊದಲು ಮಾತಾಡಲು ಹೋದರೆ ಗೇರ್ ಮರೆಯುತ್ತದೆ, ಗೇರ್ ಹಾಕಲು ಹೋದರೆ ಮಾತು ನಿಲ್ಲುತ್ತದೆ. ಹಾಗಾದಾಗ ವೇಗ ತಗ್ಗಿಸಿ, ಆದರೆ ಮಾತು ನಿಲ್ಲಿಸಬೇಡಿ. ಸ್ವಲ್ಪ ದಿನದ ನಂತರ ಬಾಯಿ ಹೇಳದಿದ್ದರೂ ಕಣ್ಣು ಹುಡುಕುತ್ತಿರುತ್ತದೆ. ಇದಕ್ಕೆ ಖರ್ಚೇನೂ ಇಲ್ಲ. ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಮನಸ್ಸಿನಲ್ಲೇ ಅಭ್ಯಾಸ ಮಾಡಬಹುದು.

ಅಭ್ಯಾಸದ ಅವಧಿಯೂ ಮುಖ್ಯ. ಸ್ವೀಡನ್ 1993ರಲ್ಲಿ ಕಲಿಕೆ ಶುರುಮಾಡುವ ವಯಸ್ಸನ್ನು ಹದಿನೇಳೂವರೆಯಿಂದ ಹದಿನಾರಕ್ಕೆ ಇಳಿಸಿತು. ಲೈಸೆನ್ಸ್ ವಯಸ್ಸು ಮಾತ್ರ ಹದಿನೆಂಟೇ ಇತ್ತು. ಈ ಹೆಚ್ಚಿನ ಸಮಯ ಬಳಸಿಕೊಂಡು ದೊಡ್ಡವರ ಜೊತೆ ಬಹಳ ಗಂಟೆ ಓಡಿಸಿದವರಿಗೆ ಲೈಸೆನ್ಸ್ ಸಿಕ್ಕ ಮೇಲೆ ಅಪಘಾತ ಕಡಿಮೆ ಇತ್ತು ಎಂದು ಅಲ್ಲಿನ ಅಧ್ಯಯನ ತೋರಿಸಿತು. ನಾರ್ವೆಯ ಅನುಭವ ಇದಕ್ಕೆ ವಿರುದ್ಧ. ಜಾರುವ ರಸ್ತೆಯಲ್ಲಿ ಗಾಡಿ ಹಿಡಿತಕ್ಕೆ ತರುವ ವಿಶೇಷ ತರಬೇತಿಯನ್ನು ಅಲ್ಲಿ ಕಡ್ಡಾಯ ಮಾಡಿದ್ದರು. ಆಮೇಲೆ ಲೆಕ್ಕ ಹಾಕಿ ನೋಡಿದರೆ ಯುವಕರಲ್ಲಿ ಜಾರುವ ರಸ್ತೆಯ ಅಪಘಾತ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಕೈಚಳಕ ಬಂದವರಿಗೆ ಧೈರ್ಯವೂ ಬಂದಿತ್ತು, ವೇಗ ತಗ್ಗಿಸುವ ಬುದ್ಧಿ ಬಂದಿರಲಿಲ್ಲ. ಈಜಲು ಬರುತ್ತದೆ ಅಂತ ಸುಳಿಗೆ ಇಳಿದ ಹಾಗೆ. ಪರೀಕ್ಷೆಯ ಅಂಗಳದಲ್ಲಿ ಹೇಗೆ ತಿರುಗಿಸಬೇಕು ಎಂಬುದನ್ನಷ್ಟೇ ಪದೇ ಪದೇ ಮಾಡಿಸುವವರು ಈ ನಾರ್ವೆಯ ಪಾಠವನ್ನು ನೆನಪಿಟ್ಟುಕೊಳ್ಳಬೇಕು ಅಂತ ನನಗನಿಸುತ್ತದೆ.

ಹಾಗಾಗಿ ಅಭ್ಯಾಸ ಮಾಡುವವರು ಸುಲಭದ ಹೊತ್ತನ್ನೇ ಆರಿಸಿಕೊಳ್ಳಬೇಡಿ. ಮಳೆಯಲ್ಲಿ ಓಡಿಸಿ, ಕತ್ತಲಲ್ಲಿ ಓಡಿಸಿ, ಶಾಲೆ ಬಿಡುವ ಹೊತ್ತಿನಲ್ಲಿ ಓಡಿಸಿ. ಪಕ್ಕದಲ್ಲಿ ಗೊತ್ತಿದ್ದವರು ಇರಬೇಕು, ಅಷ್ಟೇ. ಪರೀಕ್ಷೆಯ ದಾರಿಯನ್ನು ಬಾಯಿಪಾಠ ಮಾಡುವುದರಲ್ಲಿ ಕಳೆಯುವ ಸಮಯವನ್ನು ಗೊತ್ತಿಲ್ಲದ ದಾರಿಯಲ್ಲಿ ಕಳೆಯಿರಿ.

ಪರೀಕ್ಷೆಯ ದಿನದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಕೈ ನಡುಗುವುದು ಸಹಜ, ಅದನ್ನು ಪರೀಕ್ಷಕರೂ ಬಲ್ಲರು. ಹೊರಡುವ ಮೊದಲು ಸೀಟು, ಕನ್ನಡಿ, ಬೆಲ್ಟು ಸರಿಮಾಡಿಕೊಳ್ಳಲು ಬೇಕಾದಷ್ಟು ಹೊತ್ತು ತೆಗೆದುಕೊಳ್ಳಿ. ಹೇಳಿದ್ದು ಕೇಳಿಸದಿದ್ದರೆ ಮತ್ತೆ ಕೇಳಿ. ಗಾಡಿ ಆಫ್ ಆದರೆ ಮುಗೀತು ಅಂದುಕೊಳ್ಳಬೇಡಿ. ಬ್ರೇಕ್ ಹಿಡಿದು, ನ್ಯೂಟ್ರಲ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ. ಹೊರಡುವ ಮುನ್ನ ಸುತ್ತ ಇನ್ನೊಮ್ಮೆ ನೋಡಿ. ಗಾಬರಿಯಲ್ಲಿ ಹಿಂದೆ ಮುಂದೆ ನೋಡದೆ ನುಗ್ಗಿಸುವುದೇ ದೊಡ್ಡ ತಪ್ಪಾಗುತ್ತದೆ. ಪರೀಕ್ಷಕರು ಮೌನವಾಗಿ ಕೂತರೆ ಅದು ಸಿಟ್ಟಲ್ಲ. ನಿಮ್ಮ ಗಮನ ಕೆಡಿಸಬಾರದು ಅಂತ ಅವರು ಸುಮ್ಮನಿರುತ್ತಾರೆ. ಹಿಂದೆ ಆದ ತಪ್ಪನ್ನು ತಲೆಯಲ್ಲಿಟ್ಟುಕೊಂಡರೆ ಮುಂದಿನ ತಿರುವು ಕಾಣುವುದಿಲ್ಲ.

ಕಲಿಯುವವರಿಗೆ ಇಷ್ಟು ಹೇಳಿದೆ. ಪರೀಕ್ಷೆ ಹೇಗಿರಬೇಕು ಎಂದು ತೀರ್ಮಾನಿಸುವವರಿಗೂ ನನ್ನ ಮಾತು ತಲುಪಲಿ ಎಂದೇ ಈ ಪತ್ರ. ಬ್ರಿಟನ್ನಿನಲ್ಲಿ 1935ರಲ್ಲಿ ಡ್ರೈವಿಂಗ್ ಪರೀಕ್ಷೆ ಕಡ್ಡಾಯವಾದಾಗ ಪರೀಕ್ಷಾ ಕೇಂದ್ರಗಳೇ ಇರಲಿಲ್ಲ. ರೈಲು ನಿಲ್ದಾಣ, ಉದ್ಯಾನದಂಥ ಗೊತ್ತಾದ ಜಾಗದಲ್ಲಿ ಪರೀಕ್ಷಕರನ್ನು ಭೇಟಿಯಾಗಿ ಅಲ್ಲಿಂದಲೇ ಹೊರಡುತ್ತಿದ್ದರು. ಅಂದರೆ ಪರೀಕ್ಷೆ ಶುರುವಿನಿಂದಲೂ ನಿಜವಾದ ರಸ್ತೆಯಲ್ಲೇ ಇತ್ತು. ಅಪಾಯವನ್ನು ಮೊದಲೇ ಗುರುತಿಸುವ ಶಕ್ತಿ ಅಳೆಯಲು 2002ರಲ್ಲಿ ಅವರು ವಿಡಿಯೊ ಪರೀಕ್ಷೆಯೊಂದನ್ನು ಸೇರಿಸಿದರು. ತೆರೆಯ ಮೇಲೆ ರಸ್ತೆ ಓಡುತ್ತಿರುತ್ತದೆ, ಅಪಾಯ ಹುಟ್ಟುವ ಲಕ್ಷಣ ಕಂಡ ಕೂಡಲೇ ಮೌಸ್ ಗುಂಡಿ ಒತ್ತಬೇಕು. ಬೇಗ ಕಂಡವರಿಗೆ ಹೆಚ್ಚು ಅಂಕ. 2010ರಿಂದ ಪರೀಕ್ಷೆಯ ಒಂದು ಭಾಗದಲ್ಲಿ ಪರೀಕ್ಷಕರು ತಿರುವು ತಿರುವಿಗೂ ಹೇಳುವುದಿಲ್ಲ, ಅಭ್ಯರ್ಥಿಯೇ ದಾರಿ ಹಿಡಿಯಬೇಕು. 2017ರಲ್ಲಿ ಆ ಭಾಗವನ್ನು ಸುಮಾರು 20 ನಿಮಿಷಕ್ಕೆ ಹೆಚ್ಚಿಸಿದರು. ಪಕ್ಕದಲ್ಲಿ ಕೂತವರು ಎಡ, ಬಲ ಅಂತ ಹೇಳುತ್ತಿದ್ದರೆ ಕಣ್ಣಿಗೆ ಅರ್ಧ ಕೆಲಸ ತಪ್ಪಿಹೋಗುತ್ತದೆ ಎಂಬುದು ಅವರಿಗೆ ಅರ್ಥವಾಗಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೆದರ್ಲ್ಯಾಂಡ್ಸ್ 2008ರಲ್ಲಿ ತಂದ ಕ್ರಮ. ಪರೀಕ್ಷೆಯ ನಡುವೆ ಗಾಡಿಯನ್ನು ಬದಿಗೆ ನಿಲ್ಲಿಸಲು ಹೇಳಿ, ಆಗಷ್ಟೇ ದಾಟಿಬಂದ ಜಾಗದಲ್ಲಿ ಏನು ಕಂಡಿರಿ, ಯಾಕೆ ಹಾಗೆ ಮಾಡಿದಿರಿ ಎಂದು ಪರೀಕ್ಷಕರು ಕೇಳುತ್ತಿದ್ದರು. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಅಂಗಳ ಬೇಡ. ಎರಡು ನಿಮಿಷದ ಮಾತು ಸಾಕು. ನೋಡದೆ ಅದೃಷ್ಟದಿಂದ ದಾಟಿದವರು ಯಾರು, ನೋಡಿ ದಾಟಿದವರು ಯಾರು ಎಂಬುದು ಆ ಎರಡು ನಿಮಿಷದಲ್ಲಿ ತಿಳಿದುಬಿಡುತ್ತದೆ. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ ಥರ ಓಡಿಸಿರುತ್ತಾರೆ!

ಇಂಥ ಪ್ರಶ್ನೆ ಕೇಳುವ ಪದ್ಧತಿ ಎಲ್ಲ ಕಡೆ ಬರಬೇಕು. ಪರೀಕ್ಷೆಯಲ್ಲಿ ಕೇಳುತ್ತಾರೆ ಅಂತ ಗೊತ್ತಾದರೆ ಕಲಿಸುವವರು ಮರುದಿನದಿಂದಲೇ ಕಲಿಸುತ್ತಾರೆ. ಕೇಳದ್ದನ್ನು ಕಲಿಸಿ ಎಂದು ಎಷ್ಟು ಹೇಳಿದರೂ ನಡೆಯುವುದಿಲ್ಲ, ನಮ್ಮ ವೃತ್ತಿಯ ಒಳಗಿನಿಂದ ಇದನ್ನು ಖಚಿತವಾಗಿ ಹೇಳಬಲ್ಲೆ. ಜೊತೆಗೆ ಫೇಲಾದವರಿಗೆ ಬರೀ ಫಲಿತಾಂಶ ಕೊಟ್ಟು ಕಳಿಸಬಾರದು. ಯಾವ ತಿರುವಿನಲ್ಲಿ ಏನನ್ನು ನೋಡಲಿಲ್ಲ ಎಂದು ಬರೆದುಕೊಡಬೇಕು. ಪಾಸಾದವರಿಗೂ ಅಂಥದ್ದೊಂದು ಚೀಟಿ ಕೊಟ್ಟರೆ ಇನ್ನೂ ಒಳ್ಳೆಯದು. ನಾಳೆಯಿಂದ ಒಬ್ಬರೇ ಓಡಿಸುವವರು ಅವರೇ ತಾನೆ?

ಮನೆಯಲ್ಲಿ ಮಕ್ಕಳಿಗೆ ಕಾರು ಕಲಿಸುತ್ತಿರುವ ತಂದೆತಾಯಂದಿರಲ್ಲೂ ಒಂದು ಕೇಳಿಕೆ. ಪಾಸಾಯಿತೇ ಎಂದು ಕೇಳುವ ಬದಲು ಈ ಪರೀಕ್ಷೆಯನ್ನು ನೀವೇ ಮೊದಲು ಮಾಡಿ. ಮುಂದಿನ ಸಲ ಪಕ್ಕದಲ್ಲಿ ಕೂತಾಗ ಒಂದು ಜಂಕ್ಷನ್ ದಾಟಿದ ಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಲು ಹೇಳಿ, ಅಲ್ಲಿ ಏನೇನಿತ್ತು ಎಂದು ಕೇಳಿ. ಉತ್ತರ ಬರದಿದ್ದರೆ ಬೈಯಬೇಡಿ, ಅದೇ ಜಂಕ್ಷನ್ನಿಗೆ ಇನ್ನೊಮ್ಮೆ ಕರೆದುಕೊಂಡು ಹೋಗಿ.

ಇಂತಿ,
ಒಬ್ಬ ಡ್ರೈವಿಂಗ್ ಶಿಕ್ಷಕ