'ಬ್ರ್ಯಾಂಡೆಡ್ ಸರ್ವರ್' ಎಂದರೆ ಯಾವ ಯಂತ್ರ?

ಮಾನ್ಯ ಸಂಪಾದಕರೇ,

ವೆಬ್ ಹೋಸ್ಟಿಂಗ್ ಸೇವೆ, ಅಂದರೆ ಇತರರ ಜಾಲತಾಣಗಳನ್ನು ತಮ್ಮ ಸರ್ವರ್‌ಗಳಲ್ಲಿ (ಸದಾ ಚಾಲೂ ಇರುವ ಕಂಪ್ಯೂಟರುಗಳಲ್ಲಿ) ಇಟ್ಟುಕೊಡುವ ಸೇವೆ ಮಾರುವವರ ಜಾಹೀರಾತುಗಳಲ್ಲಿ 'ಬ್ರ್ಯಾಂಡೆಡ್ ಸರ್ವರ್' ಎಂಬ ಮಾತು ಮತ್ತೆ ಮತ್ತೆ ಕಾಣಸಿಗುತ್ತದೆ. ಅದರಿಂದ ಗ್ರಾಹಕರಿಗೆ ತಿಳಿಯುವುದು ಬಹಳ ಕಡಿಮೆ. ಡೆಲ್ ಕಂಪನಿ ಕಚೇರಿಯ ಮೇಜಿಗೆಂದು ಆಪ್ಟಿಪ್ಲೆಕ್ಸ್ ಕಂಪ್ಯೂಟರುಗಳನ್ನೂ ಸರ್ವರ್ ಕೆಲಸಕ್ಕೆಂದೇ ಪವರ್‌ಎಡ್ಜ್ ಯಂತ್ರಗಳನ್ನೂ ತಯಾರಿಸಿದೆ. ಲೆನೊವೊ ಕಂಪನಿಯಲ್ಲೂ ಥಿಂಕ್‌ಸೆಂಟರ್ ಮತ್ತು ಥಿಂಕ್‌ಸಿಸ್ಟಮ್ ಎಂಬ ಎರಡು ಬೇರೆ ಶ್ರೇಣಿಗಳಿವೆ. ಎರಡರ ಮೇಲೂ ಒಂದೇ ಕಂಪನಿಯ ಹೆಸರಿರುವುದರಿಂದ, ಡೆಸ್ಕ್‌ಟಾಪ್ ಯಂತ್ರದಲ್ಲಿ ಜಾಲತಾಣಗಳನ್ನು ಇಟ್ಟವರೂ 'ಹೆಸರಾಂತ ಕಂಪನಿಯ ಸರ್ವರ್' ಎಂದು ಹೇಳಿಕೊಳ್ಳಬಹುದು. ಹೇಳಿದ್ದು ಸುಳ್ಳೇನೂ ಅಲ್ಲ, ಆದರೆ ತಿಳಿಸಬೇಕಾದ ಸಂಗತಿ ಅದರಡಿ ಮುಚ್ಚಿಹೋಗುತ್ತದೆ.

ಡೆಸ್ಕ್‌ಟಾಪನ್ನು ಸರ್ವರ್ ಆಗಿ ಬಳಸುವುದೇ ತಪ್ಪೆಂಬುದು ನನ್ನ ವಾದವಲ್ಲ. ಜಗತ್ತಿನ ಮೊದಲ ವೆಬ್ ಸರ್ವರ್ ಎಂದರೆ 1990ರ ಕೊನೆಯಲ್ಲಿ ಸರ್ನ್ ಸಂಶೋಧನಾ ಕೇಂದ್ರದಲ್ಲಿ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಬಳಸುತ್ತಿದ್ದ, ನೆಕ್ಸ್ಟ್ ಎಂಬ ಕಂಪನಿಯ ಮೇಜಿನ ಕಂಪ್ಯೂಟರ್. ಇದು ಸರ್ವರ್, ಇದನ್ನು ಆಫ್ ಮಾಡಬೇಡಿ ಎಂದು ಕೈಬರಹದ ಚೀಟಿಯನ್ನು ಅದರ ಮೇಲೆ ಅಂಟಿಸಲಾಗಿತ್ತು. ಗೂಗಲ್ ಕೂಡ 1999ರಲ್ಲಿ ಅಗ್ಗದ ಪಿಸಿ ಬಿಡಿಭಾಗಗಳಿಂದಲೇ ಸರ್ವರ್‌ಗಳನ್ನು ಕಟ್ಟಿಕೊಂಡಿತ್ತು. ಆದರೆ ಅಲ್ಲಿ ಒಂದು ಯಂತ್ರ ಕೆಟ್ಟರೆ ಅದರ ಕೆಲಸವನ್ನು ಉಳಿದವು ವಹಿಸಿಕೊಳ್ಳುವಂತೆ ತಂತ್ರಾಂಶವನ್ನೇ ರೂಪಿಸಲಾಗಿತ್ತು. ಒಂದೇ ಯಂತ್ರದಲ್ಲಿ ಹತ್ತಾರು ಗ್ರಾಹಕರ ಜಾಲತಾಣಗಳನ್ನು ತುಂಬಿಡುವ ಸಂಸ್ಥೆಗೆ ಆ ಉದಾಹರಣೆ ಸಲ್ಲದು.

ನನಗೆ ಈ ವ್ಯತ್ಯಾಸ ಅರ್ಥವಾದದ್ದು ನಷ್ಟ ಅನುಭವಿಸಿದ ಮೇಲೆ. ನಾನು ನೋಡಿಕೊಳ್ಳುತ್ತಿದ್ದ ಸಂಘವೊಂದರ ಜಾಲತಾಣದಲ್ಲಿ ಸದಸ್ಯರ ದಾಖಲೆಗಳು ಅಲ್ಲೊಂದು ಇಲ್ಲೊಂದು ಕೆಡತೊಡಗಿದವು: ಹೆಸರಿನ ನಡುವೆ ಅರ್ಥವಿಲ್ಲದ ಅಕ್ಷರ, ಸಂದಾಯದ ಅಂಕಿಯಲ್ಲಿ ಏರುಪೇರು. ತಾಣ ಒಮ್ಮೆಯೂ ನಿಲ್ಲದ ಕಾರಣ ದೋಷ ನಮ್ಮ ತಂತ್ರಾಂಶದ್ದೇ ಎಂದುಕೊಂಡು ಹಲವು ವಾರ ಅದರಲ್ಲೇ ಹುಡುಕಿದೆವು. ಯಂತ್ರದ ಮೆಮೊರಿ ಕೆಟ್ಟಿದೆ ಎಂಬುದು, ಅದು ಇಸಿಸಿ (ಮೆಮೊರಿಯ ತಪ್ಪುಗಳನ್ನು ಹಿಡಿದು ಸರಿಪಡಿಸುವ ವ್ಯವಸ್ಥೆ) ಇಲ್ಲದ ಸಾಮಾನ್ಯ ಡೆಸ್ಕ್‌ಟಾಪ್ ಎಂಬುದು ಹೋಸ್ಟಿಂಗ್ ಸಂಸ್ಥೆಯಿಂದ ನಮಗೆ ತಿಳಿದದ್ದು ಕೊನೆಯಲ್ಲಿ. ಅಷ್ಟರಲ್ಲಿ ಪ್ರತಿದಿನದ ಬ್ಯಾಕಪ್ ಕೂಡ ಕೆಟ್ಟ ದಾಖಲೆಗಳನ್ನೇ ನಿಷ್ಠೆಯಿಂದ ನಕಲು ಮಾಡಿಟ್ಟಿತ್ತು.

ಇಸಿಸಿ ಮೆಮೊರಿಯಲ್ಲಿ ಸಾಮಾನ್ಯವಾಗಿ ಪ್ರತಿ 64 ಬಿಟ್ (0 ಅಥವಾ 1 ಎಂಬ ಅತಿ ಚಿಕ್ಕ ಘಟಕ) ಮಾಹಿತಿಗೆ 8 ಬಿಟ್ ತಪಾಸಣೆಗೆಂದು ಸೇರಿರುತ್ತವೆ. ಒಂದು ಬಿಟ್ ತಪ್ಪಿದರೆ ಅದನ್ನು ಸರಿಪಡಿಸುತ್ತದೆ, ಎರಡು ತಪ್ಪಿದರೆ ಸರಿಪಡಿಸಲಾಗದಿದ್ದರೂ ತಪ್ಪಾಗಿದೆ ಎಂದು ಎಚ್ಚರಿಸುತ್ತದೆ. ಇಂಥ ತಪ್ಪುಗಳು ಅಪರೂಪವೆಂಬ ನಂಬಿಕೆಯೂ ನಿಲ್ಲುವುದಿಲ್ಲ. ಗೂಗಲ್‌ನ ಯಂತ್ರಗಳನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ ಒಂದು ವರ್ಷದಲ್ಲಿ ಶೇ 8ಕ್ಕೂ ಹೆಚ್ಚು ಮೆಮೊರಿ ಮಾಡ್ಯೂಲ್‌ಗಳಲ್ಲಿ ಕನಿಷ್ಠ ಒಂದು ದೋಷ ಕಂಡುಬಂದಿತ್ತು. ಅಲ್ಲಿ ಇಸಿಸಿ ಇದ್ದುದರಿಂದಲೇ ಆ ಲೆಕ್ಕ ಸಿಕ್ಕಿತು ಎಂಬುದನ್ನು ಗಮನಿಸಬೇಕು. ಅದಿಲ್ಲದ ಯಂತ್ರದಲ್ಲಿ ಎಣಿಸುವವರೇ ಇರುವುದಿಲ್ಲ. ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ತಕ್ಕ ಮದರ್‌ಬೋರ್ಡ್ ಜೊತೆಗೆ ಇಸಿಸಿಯನ್ನು ಬಳಸಬಲ್ಲವಾದ್ದರಿಂದ ಯಂತ್ರದ ಹೆಸರಷ್ಟನ್ನೇ ಕೇಳಿದರೂ ಸಾಲದು.

ಉಳಿದ ಕೊರತೆಗಳು ಕಣ್ಣಿಗೆ ಕಾಣುವಂಥವು. ಒಂದೇ ಪವರ್ ಸಪ್ಲೈ ಇರುವ ಡೆಸ್ಕ್‌ಟಾಪಿನಲ್ಲಿ ಅದು ಸುಟ್ಟರೆ ಬದಲಿ ಬರುವವರೆಗೆ ತಾಣ ಮುಚ್ಚಿದಂತೆಯೇ, ಮತ್ತು ದೂರದಿಂದ ನಿಯಂತ್ರಿಸುವ ಪ್ರತ್ಯೇಕ ವ್ಯವಸ್ಥೆ ಇಲ್ಲದಿದ್ದರೆ ನಡುರಾತ್ರಿ ಯಂತ್ರ ಸ್ತಬ್ಧವಾದಾಗ ಯಾರಾದರೂ ಎದ್ದು ಹೋಗಿ ಗುಂಡಿ ಒತ್ತಬೇಕು. ಶೇ 99.9 ಅಪ್‌ಟೈಮ್ (ತಾಣ ಚಾಲೂ ಇರುವ ಸಮಯ) ಎಂಬ ಭರವಸೆಯಲ್ಲಿ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಮಾತ್ರ ತಾಣ ನಿಲ್ಲಲು ಅವಕಾಶವಿದೆ. ಒಂದು ಬಿಡಿಭಾಗಕ್ಕಾಗಿ ಕಾಯುವುದರಲ್ಲೇ ಅಷ್ಟೂ ಕರಗಿಹೋಗಬಹುದು.

ಅಗ್ಗದ ಸೇವೆ ಬೇಕಾದವರಿಗೆ ಅದು ಸಿಗಲಿ. ಆದರೆ ಹೋಸ್ಟಿಂಗ್ ಸಂಸ್ಥೆಗಳು ಹಣ ಪಡೆಯುವ ಮೊದಲೇ ಯಂತ್ರದ ಮಾದರಿಯನ್ನೂ ಇಸಿಸಿ ಚಾಲ್ತಿಯಲ್ಲಿದೆಯೇ ಎಂಬುದನ್ನೂ ಬ್ಯಾಕಪ್ ಬೇರೊಂದು ಯಂತ್ರದಲ್ಲಿ ಎಷ್ಟು ದಿನ ಉಳಿಯುತ್ತದೆ ಎಂಬುದನ್ನೂ ಲಿಖಿತವಾಗಿ ತಿಳಿಸಬೇಕು. ಈಗ ನಾನು ಬಳಸುತ್ತಿರುವ ಯಂತ್ರಗಳಲ್ಲಿ ಒಂದು ಡೆಸ್ಕ್‌ಟಾಪೇ. ಅದನ್ನು ಕೊಟ್ಟವರು ಹಾಗೆಂದು ಮೊದಲೇ ಹೇಳಿದ್ದರಿಂದ ಸಂಘದ ಸುದ್ದಿ ಮತ್ತು ಚಿತ್ರಗಳ ಪುಟಗಳನ್ನಷ್ಟೇ ಅದರಲ್ಲಿಟ್ಟು, ಸದಸ್ಯರ ದಾಖಲೆಗಳನ್ನು ಇಸಿಸಿ ಇರುವ ಮತ್ತೊಂದು ಯಂತ್ರಕ್ಕೆ ಸಾಗಿಸಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಜಾಲತಾಣ ನಿರ್ವಾಹಕ