ಪಠ್ಯ ಒಂದೇ, ಪ್ರಶ್ನೆಪತ್ರಿಕೆ ಒಂದೇ. ಸಂದರ್ಶನ ಮಾತ್ರ ದೂರ

ಮಾನ್ಯರೇ,

ನೇಮಕಾತಿ ನಡೆಯುವ ತಿಂಗಳುಗಳಲ್ಲಿ ರಾತ್ರಿ ರಾಯಚೂರು ನಿಲ್ದಾಣಕ್ಕೆ ಹೋದರೆ ನಮ್ಮ ವಿದ್ಯಾರ್ಥಿಗಳು ಕಾಣಸಿಗುತ್ತಾರೆ. ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ ನಿಂತೋ ಕೂತೋ ಬೆಳಗು ಮಾಡಿ, ಬೆಂಗಳೂರಿನ ನಿಲ್ದಾಣದಲ್ಲೇ ಮುಖ ತೊಳೆದು, ಇಸ್ತ್ರಿ ಮಾಡಿಟ್ಟ ಅಂಗಿ ತೊಟ್ಟು, ಸಿಟಿ ಬಸ್ ಹಿಡಿದು ಸಂದರ್ಶನಕ್ಕೆ ಓಡುತ್ತಾರೆ. ಅದೇ ಸಾಲಿನಲ್ಲಿ ನಿಂತ ಬೆಂಗಳೂರಿನ ಹುಡುಗ ಮನೆಯಲ್ಲಿ ನಿದ್ದೆ ಮಾಡಿ, ತಿಂಡಿ ತಿಂದು ಬಂದಿರುತ್ತಾನೆ. ಮೊದಲ ಸುತ್ತಿನಲ್ಲೇ ಹೊರಬಿದ್ದರೆ ನಮ್ಮವರಿಗೆ ಅದೇ ರಾತ್ರಿ ಮತ್ತೆ ರೈಲು.

ಈ ಭಾಗದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಹದಿನಾರು ವರ್ಷಗಳಿಂದ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೇನೆ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಆರಂಭವಾದ ಮೇಲೆ, ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ, ಬೀದರ್‌ನಲ್ಲಿ ಓದಿದರೂ ಬೆಂಗಳೂರಿನಲ್ಲಿ ಓದಿದರೂ ವಿಟಿಯು ಪಠ್ಯ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಪದವಿಯೂ ಒಂದೇ. ಆದರೂ ನಮ್ಮ ಕ್ಯಾಂಪಸ್‌ಗೆ ಕಂಪನಿಗಳು ಬರುವುದು ಅಪರೂಪ. ಇದನ್ನು ಬಲ್ಲ ತಂದೆ ತಾಯಿ, ಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ಬಂದ ಮಗುವಿಗೆ ಆಪ್ಷನ್ ಎಂಟ್ರಿಯಲ್ಲಿ ಮೊದಲು ಬೆಂಗಳೂರಿನ ಕಾಲೇಜುಗಳನ್ನೇ ಹಾಕಿಸುತ್ತಾರೆ. ಅವರನ್ನು ದೂರುವಂತಿಲ್ಲ. ಆಮೇಲೆ 'ನಿಮ್ಮಲ್ಲಿ ಒಳ್ಳೆ ವಿದ್ಯಾರ್ಥಿಗಳಿಲ್ಲ' ಎಂಬ ಮಾತು ನಮಗೆ ತಿರುಗಿ ಬರುತ್ತದೆ.

ಇಂಟರ್ನ್‌ಶಿಪ್ ಕಡ್ಡಾಯವಾದ ಮೇಲೆ ಹೊರೆ ಇನ್ನೂ ಹೆಚ್ಚಿದೆ. ತಿಂಗಳುಗಟ್ಟಲೆ ಬೆಂಗಳೂರಿನಲ್ಲಿದ್ದು ಪಿಜಿ ಬಾಡಿಗೆ, ಊಟ, ಬಸ್ಸಿಗೆ ಕೈಯಿಂದ ಹಾಕಬೇಕು. ಎಷ್ಟೋ ಕಡೆ ಸ್ಟೈಪೆಂಡ್ ಇರುವುದಿಲ್ಲ. "ಮೇಡಂ, ರೊಕ್ಕಾ ಕೊಟ್ಟು ಕೆಲಸ ಕಲಿಬೇಕೇನ್ರಿ?" ಎಂದು ಕಳೆದ ವರ್ಷ ಒಬ್ಬ ಹುಡುಗಿ ಕೇಳಿದಳು. ಅವಳ ತಂದೆ ಹತ್ತಿ ಬೆಳೆಯುವ ಸಣ್ಣ ರೈತ. ಕೊನೆಗೆ ಅವಳು ಊರಲ್ಲೇ ಕೂತು ಮಾಡುವ ಆನ್‌ಲೈನ್ ಇಂಟರ್ನ್‌ಶಿಪ್ ಒಂದನ್ನು ಮುಗಿಸಿ ಪ್ರಮಾಣಪತ್ರ ತಂದಳು. ಅವಳು ಯಂತ್ರ ಮುಟ್ಟಲಿಲ್ಲ, ಯಾರ ಪರಿಚಯವೂ ಆಗಲಿಲ್ಲ. ಬೆಂಗಳೂರಿನಲ್ಲಿ ಇದ್ದವರಿಗೆ ಅದೇ ಇಂಟರ್ನ್‌ಶಿಪ್ ಕೆಲಸವಾಗಿ ಮುಂದುವರಿಯುತ್ತದೆ.

ಸಂವಿಧಾನದ 371(ಜೆ) ವಿಧಿ ಕಲ್ಯಾಣ ಕರ್ನಾಟಕದವರಾದ ನಮಗೆ ಸೀಟು ಕೊಟ್ಟಿದೆ, ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಟ್ಟಿದೆ. ಅದು ದೊಡ್ಡದು. ಆದರೆ ಖಾಸಗಿ ಕಂಪನಿಯ ಬಾಗಿಲಲ್ಲಿ ಅದು ನಡೆಯುವುದಿಲ್ಲ.

ಯುವನಿಧಿಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಸಿಗುತ್ತದೆ, ಅದೂ ತೇರ್ಗಡೆಯಾಗಿ 180 ದಿನ ಕೆಲಸವಿಲ್ಲದೆ ಕಳೆದ ಮೇಲೆ. ಅಷ್ಟೇ ಹಣವನ್ನು ಇಂಟರ್ನ್‌ಶಿಪ್ ಅವಧಿಯಲ್ಲಿ ಕೊಟ್ಟಿದ್ದರೆ ಆ ಹುಡುಗಿಯಂಥವರು ಬೆಂಗಳೂರಿನಲ್ಲಿ ಕೆಲವು ತಿಂಗಳು ಹೇಗೋ ನಿಲ್ಲುತ್ತಿದ್ದರು.

ಎಲ್ಲರೂ ಬೆಂಗಳೂರಿಗೇ ಹೋಗಬೇಕೆಂದೂ ಇಲ್ಲ. ಶಕ್ತಿನಗರದ ಶಾಖೋತ್ಪನ್ನ ಸ್ಥಾವರ, ಹಟ್ಟಿ ಚಿನ್ನದ ಗಣಿ, ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇರುವುದು ಕಲ್ಯಾಣ ಕರ್ನಾಟಕದಲ್ಲೇ. ಇಲ್ಲೆಲ್ಲ ಸೆನ್ಸರ್, ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿ, ಮೋಟಾರ್ ಡ್ರೈವ್‌ಗಳದ್ದೇ ಕೆಲಸ; ನಾನು ಬೋರ್ಡಿನ ಮೇಲೆ ಬರೆದು ಕಲಿಸುವುದು ಅಲ್ಲಿ ತಿರುಗುತ್ತಿರುತ್ತದೆ. ಬೀದರ್‌ನ ಔಷಧ ಕಾರ್ಖಾನೆಗಳಲ್ಲಿ ರಸಾಯನಶಾಸ್ತ್ರ ಓದಿದವರಿಗೂ ಜಾಗವಿದೆ. ಆದರೆ ಒಂದು ದಿನ ಬಸ್ಸಿನಲ್ಲಿ ಕರೆದೊಯ್ದು ತೋರಿಸಲು ಅನುಮತಿ ಸಿಕ್ಕಷ್ಟು ಸುಲಭವಾಗಿ ನಾಲ್ಕು ತಿಂಗಳು ಕಲಿಯಲು ಅನುಮತಿ ಸಿಗುವುದಿಲ್ಲ. ಸರ್ಕಾರಿ ಒಡೆತನದ ಸ್ಥಾವರ, ಗಣಿಗಳಲ್ಲಾದರೂ ಸುತ್ತಲಿನ ಕಾಲೇಜುಗಳಿಗೆ ಇಂತಿಷ್ಟು ಇಂಟರ್ನ್‌ಶಿಪ್ ಎಂದು ಮೀಸಲಿಡಲು ಸರ್ಕಾರದ ಒಂದು ಆದೇಶ ಸಾಕು.

ವಿಟಿಯುಗೆ ಕಲಬುರಗಿಯಲ್ಲಿ ಪ್ರಾದೇಶಿಕ ಕೇಂದ್ರವಿದೆ. ಕಲ್ಯಾಣ ಕರ್ನಾಟಕದ ಏಳೂ ಜಿಲ್ಲೆಗಳ ಅಂತಿಮ ವರ್ಷದವರನ್ನು ಅಲ್ಲಿಗೆ ಕರೆಸಿ, ವರ್ಷಕ್ಕೆ ಎರಡು ಬಾರಿಯಾದರೂ ಕಂಪನಿಗಳಿಂದ ಲಿಖಿತ ಪರೀಕ್ಷೆ ಮತ್ತು ಮೊದಲ ಸುತ್ತಿನ ಸಂದರ್ಶನ ನಡೆಸಿಕೊಡಬೇಕೆಂದು ವಿಶ್ವವಿದ್ಯಾಲಯವನ್ನು ಕೈಮುಗಿದು ಕೇಳುತ್ತೇನೆ. ಕಂಪನಿಯ ನಾಲ್ವರು ಒಂದು ರಾತ್ರಿ ರೈಲಿನಲ್ಲಿ ಬಂದರೆ ನಮ್ಮ ನೂರಾರು ಮಕ್ಕಳ ಪ್ರಯಾಣ ತಪ್ಪುತ್ತದೆ.

ಇಂತಿ,
ಒಬ್ಬ ಪ್ರಾಧ್ಯಾಪಕಿ, ರಾಯಚೂರು