ದೋಣಿ ಬಾಗಿಲಿಗೆ ಬಂದಾಗ: ಸೋದರಳಿಯನಿಗೆ ಅತ್ತೆಯ ಪತ್ರ

ಕಲ್ಯಾಣಪುರ, ಉಡುಪಿ

ಚಿರಂಜೀವಿ ಪುಟ್ಟನಿಗೆ ಅತ್ತೆ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಸಿಆರ್‌ಪಿಎಫ್‌ನಲ್ಲಿದ್ದ ನಿನ್ನನ್ನು ನೆರೆ, ಭೂಕುಸಿತಗಳಲ್ಲಿ ಜನರನ್ನು ಕಾಪಾಡುವ ರಾಷ್ಟ್ರೀಯ ಪಡೆಯಾದ ಎನ್‌ಡಿಆರ್‌ಎಫ್‌ಗೆ ನಿಯೋಜನೆಯ ಮೇಲೆ ಕಳುಹಿಸಿದ್ದಾರೆಂದು ನಿನ್ನ ಅಪ್ಪ ಮೊನ್ನೆ ಫೋನಿನಲ್ಲಿ ಹೇಳಿದ. ಆಂಧ್ರದಲ್ಲಿರುವ ಹತ್ತನೆಯ ಬೆಟಾಲಿಯನ್ ಎಂದು ಕೇಳಿ ಒಳಗೊಳಗೇ ಸಂತೋಷವಾಯಿತು, ಏಕೆಂದರೆ ಕರ್ನಾಟಕದ ಹೊಣೆಯೂ ಅದೇ ಬೆಟಾಲಿಯನ್ನಿನದು. ಎಂದಾದರೊಂದು ಮಳೆಗಾಲದಲ್ಲಿ ನೀನು ಕಿತ್ತಳೆ ಬಣ್ಣದ ಸಮವಸ್ತ್ರ ತೊಟ್ಟು ನಮ್ಮ ಜಿಲ್ಲೆಗೇ ಬಂದಿಳಿದರೂ ಆಶ್ಚರ್ಯವಿಲ್ಲ. ಹಗ್ಗ, ದೋಣಿ, ಈಜು, ಪ್ರಥಮ ಚಿಕಿತ್ಸೆ ಇವನ್ನೆಲ್ಲ ಅವರು ನಿನಗೆ ಕಲಿಸುತ್ತಾರೆ, ಅದರಲ್ಲಿ ಬಾಯಿ ಹಾಕುವ ಯೋಗ್ಯತೆ ನನಗಿಲ್ಲ. ಆದರೆ ದೋಣಿ ಮನೆಯ ಬಾಗಿಲಿಗೆ ಬಂದು ನಿಂತಾಗ ಒಳಗಿರುವವರ ಮನಸ್ಸಿನಲ್ಲಿ ಏನು ನಡೆಯುತ್ತಿರುತ್ತದೆ ಎಂಬುದನ್ನು ಮಾತ್ರ ನಾನು ಚೆನ್ನಾಗಿ ಬಲ್ಲೆ. ಬಂದ ದೋಣಿಯನ್ನು ಒಮ್ಮೆ ಹಿಂದಕ್ಕೆ ಕಳುಹಿಸಿದವಳು ನಾನು.

ಆ ವಿಷಯವನ್ನು ನಿನಗೆ ಯಾರೂ ಪೂರ್ತಿಯಾಗಿ ಹೇಳಿರಲಾರರು. 2020ರ ಸೆಪ್ಟೆಂಬರ್ 19ರ ಶನಿವಾರ ರಾತ್ರಿ ಹಿಡಿದ ಮಳೆ ಬೆಳಗಾದರೂ ಬಿಡಲಿಲ್ಲ. ಮಹಾಲಯ ಅಮಾವಾಸ್ಯೆ ಕಳೆದು ಅಧಿಕ ಮಾಸ ಆರಂಭವಾಗಿತ್ತು, ಇನ್ನೇನು ಮಳೆಗಾಲ ಮುಗಿಯಿತೆಂದು ನಾವೆಲ್ಲ ನಿಶ್ಚಿಂತೆಯಿಂದಿದ್ದೆವು. ಅಮಾವಾಸ್ಯೆಯ ಆಸುಪಾಸಿನಲ್ಲಿ ಸಮುದ್ರದ ಉಬ್ಬರವೂ ದೊಡ್ಡದಾಗಿರುವುದರಿಂದ, ಮೇಲಿನಿಂದ ಬಂದ ನೀರು ಅಳಿವೆಯಲ್ಲಿ ಇಳಿಯಲಾರದೆ ಹಿಂದಕ್ಕೆ ಒತ್ತಿ, ನಮ್ಮೂರ ಹೊಳೆ ಸ್ವರ್ಣೆ ತೋಟ, ಅಂಗಳ, ಜಗಲಿ ಎಂದು ಒಂದೊಂದೇ ಮೆಟ್ಟಿಲು ಹತ್ತಿದಳು. ಅತ್ತ ಉಡುಪಿ ಪೇಟೆಯಲ್ಲಿ ಕಲ್ಸಂಕ, ಬನ್ನಂಜೆ, ಮಠದ ಸುತ್ತಮುತ್ತಲೆಲ್ಲ ನೀರು ನಿಂತಿತ್ತು. ಬೆಳಿಗ್ಗೆ ಮೊದಲ ದೋಣಿ ಬಂದಾಗ ನನ್ನ ಅತ್ತೆ ಅಟ್ಟದ ಏಣಿಯ ಬುಡದಲ್ಲಿ ಕುಳಿತಿದ್ದರು, ನಾನು ಮೊಣಕಾಲು ಮುಳುಗುವ ನೀರಿನಲ್ಲಿ ನಿಂತು, ಕೊಟ್ಟಿಗೆಯಲ್ಲಿ ಗೌರಿ ಇದ್ದಾಳೆ, ಅವಳನ್ನು ಬಿಟ್ಟು ಬರಲಾಗುವುದಿಲ್ಲ ಎಂದೆ. ಅದು ನಾನು ಬಾಯಿಬಿಟ್ಟು ಹೇಳಿದ ಕಾರಣ. ಹೇಳದೆ ಉಳಿದ ಕಾರಣಗಳು ಬೇರೆ ಇದ್ದವು. ಕೊರೊನಾ ಕಾಲ, ಕಾಳಜಿ ಕೇಂದ್ರದ ಜನಸಂದಣಿಗೆ ಅತ್ತೆಯನ್ನು ಹೇಗೆ ಕರೆದೊಯ್ಯುವುದೆಂಬ ಭಯವಿತ್ತು. ಗೋದ್ರೇಜಿನಲ್ಲಿದ್ದ ಬಂಗಾರ ಮತ್ತು ಜಾಗದ ದಾಖಲೆಗಳ ಚಿಂತೆಯಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಎಂಬತ್ತು ದಾಟಿದ ಅತ್ತೆ, ಪರಪುರುಷರು ತನ್ನನ್ನು ಎತ್ತಿಕೊಂಡು ಹೋಗುವುದಾದರೆ ಇಲ್ಲಿಯೇ ಸಾಯುತ್ತೇನೆ ಎಂದು ಹಟ ಹಿಡಿದಿದ್ದರು. ದೋಣಿಯಲ್ಲಿದ್ದವರು ಎರಡು ಬಾರಿ ಕೇಳಿದರು, ಮೂರನೆಯ ಬಾರಿ ಗದರಿದರು, ಆಮೇಲೆ ಮುಂದಿನ ಮನೆಗೆ ಹೋದರು. ಅವರದೇನೂ ತಪ್ಪಿರಲಿಲ್ಲ.

ನಮಗಾಗಿ ಇನ್ನೊಂದು ದೋಣಿ ತಿರುಗಿ ಬರಬೇಕಾಯಿತು ಎಂಬುದೇ ನನ್ನನ್ನು ಈವರೆಗೂ ಕೊರೆಯುವ ವಿಷಯ. ನೀರು ಸೊಂಟಕ್ಕೆ ಬಂದಾಗ ನಾನು ಕೂಗಿದೆ, ಮೀನುಗಾರ ಹುಡುಗರ ದೋಣಿಯೊಂದು ನಮ್ಮತ್ತ ತಿರುಗಿತು, ತೇಲಿಬಂದ ತೆಂಗಿನ ಮಡಲು ಎಂಜಿನ್ನಿನ ಫ್ಯಾನಿಗೆ ಸಿಕ್ಕಿ ಅದು ದಾರಿಯಲ್ಲೇ ನಿಂತಿತು. ಅದನ್ನು ಬಿಡಿಸಿ ನಮ್ಮನ್ನು ಹತ್ತಿಸಿಕೊಂಡು ಹೊರಡುವ ತನಕ, ಆಚೆ ಮನೆಯಲ್ಲಿ ಪಾರ್ಶ್ವವಾಯು ಹೊಡೆದು ಮಲಗಿದ್ದ ಮುದುಕರು ಮಂಚದ ಮೇಲೆ ಮತ್ತೊಂದು ಮಂಚ ಏರಿಸಿಕೊಂಡು ಕಾಯುತ್ತಿದ್ದರು. ಅವರು ಬದುಕಿದರು. ಆದರೂ ಆ ಮನೆಯವರೆದುರು ನಿಂತು ಮಾತನಾಡಲು ನನಗೆ ಒಂದು ವರ್ಷ ಬೇಕಾಯಿತು.

ಆದ್ದರಿಂದ ನಿನಗೆ ಮೊದಲನೆಯದಾಗಿ ಹೇಳುವುದು ಇದು: ಬರುವುದಿಲ್ಲ ಎಂದವರನ್ನು ಮೂರ್ಖರೆಂದು ತಿಳಿಯಬೇಡ, ಹಾಗೆಂದು ಅವರೊಡನೆ ವಾದಕ್ಕೂ ಇಳಿಯಬೇಡ. ಬರುತ್ತೀರೋ ಇಲ್ಲವೋ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಒಳಗೆ ಎಷ್ಟು ಜನರಿದ್ದೀರಿ, ನಡೆಯಲಾಗದವರು ಯಾರಿದ್ದಾರೆ, ದಿನವೂ ನುಂಗುವ ಮಾತ್ರೆ ಎಲ್ಲಿದೆ, ಕೊಟ್ಟಿಗೆಯಲ್ಲಿ ಏನಿದೆ ಎಂದು ಕೇಳು. ಉತ್ತರ ಹೇಳುತ್ತ ಹೇಳುತ್ತಲೇ ಮನುಷ್ಯ ಹೊರಡುವ ಸಿದ್ಧತೆಗೆ ತೊಡಗುತ್ತಾನೆ. ಎರಡನೆಯ ದೋಣಿಯ ಹುಡುಗ ಹಾಗೆಯೇ ಮಾಡಿದ. ಗೌರಿಯ ವಿಷಯ ಹೇಳಿದ ಕೂಡಲೇ ಅವನು ಕೊಟ್ಟಿಗೆಗೆ ಹೋಗಿ ಅವಳ ಕೊರಳ ಹಗ್ಗ ಕತ್ತರಿಸಿದ. ಕಟ್ಟಿದ ದನ ಮುಳುಗುತ್ತದೆ, ಬಿಟ್ಟ ದನ ಈಜಿ ದಡ ಸೇರುತ್ತದೆ ಅಮ್ಮಾ ಎಂದ. ಅತ್ತೆಯ ಬಳಿ ಹೋದವನು ಅವರನ್ನು ಮುಟ್ಟಲೇ ಇಲ್ಲ. ಬೆನ್ನು ತಿರುಗಿಸಿ ಬಗ್ಗಿ ಕುಳಿತು, ಅಜ್ಜೀ, ನಾನು ನಿಮ್ಮನ್ನು ಹಿಡಿಯುವುದಿಲ್ಲ, ನೀವೇ ನನ್ನ ಹೆಗಲು ಹಿಡಿದುಕೊಳ್ಳಿ ಎಂದ. ಅಷ್ಟು ಹೊತ್ತು ಯಾರ ಮಾತಿಗೂ ಬಗ್ಗದಿದ್ದವರು ತುಟಿಪಿಟಕ್ಕೆನ್ನದೆ ಅವನ ಬೆನ್ನೇರಿದರು. ಅಂಥ ಬುದ್ಧಿ ಯಾವ ತರಬೇತಿಯಲ್ಲಿ ಬರುತ್ತದೋ ನನಗೆ ತಿಳಿಯದು.

ನಿನ್ನ ತಂಡದಲ್ಲಿ ಬೇರೆ ಬೇರೆ ರಾಜ್ಯದವರು ಇರುತ್ತಾರೆ. ನಮ್ಮ ಕಡೆಯ ಹಳ್ಳಿಯ ಅಜ್ಜಿಯಂದಿರಿಗೆ ತುಳುವಿನಲ್ಲಿ ಹೇಳಿದರೆ ಮನಸ್ಸಿಗೆ ಇಳಿಯುವಷ್ಟು ಕನ್ನಡದಲ್ಲಿ ಹೇಳಿದರೂ ಇಳಿಯುವುದಿಲ್ಲ, ಇನ್ನು ಹಿಂದಿಯ ಮಾತು ದೂರವೇ ಉಳಿಯಿತು. ಈ ಕಡೆಗೆ ಬರುವ ಸಂದರ್ಭ ಬಂದರೆ ‘ಬಲೆ’, ‘ಪೋಡಿಯೊಡ್ಚಿ’ ಎಂಬ ಎರಡು ಮಾತುಗಳನ್ನಾದರೂ ನಿನ್ನ ಜೊತೆಗಾರರಿಗೆ ದಾರಿಯಲ್ಲೇ ಕಲಿಸು. ಬನ್ನಿ, ಹೆದರಬೇಡಿ ಎಂಬಷ್ಟೇ ಅರ್ಥದ ಮಾತುಗಳಾದರೂ ಆ ಹೊತ್ತಿಗೆ ಅವು ಸಾಕು.

ಊರವರ ಮಾತನ್ನು ಕೇಳುವುದೂ ಅಷ್ಟೇ ಮುಖ್ಯ. ನಮ್ಮಲ್ಲಿ ಪ್ರತಿ ಅಂಗಳಕ್ಕೊಂದು ಬಾವಿ, ಪ್ರತಿ ತೋಟಕ್ಕೆ ಕಣಿ, ಗದ್ದೆಯ ಬದಿಗೆ ತೋಡು. ಕೆಂಪು ನೀರು ಎಲ್ಲವನ್ನೂ ಒಂದೇ ಸಮನಾಗಿ ಮುಚ್ಚಿದ ಮೇಲೆ ಬಾವಿಕಟ್ಟೆ ಎಲ್ಲಿತ್ತೆಂಬುದು ಆ ಮನೆಯವರನ್ನು ಬಿಟ್ಟು ಬೇರೆಯವರಿಗೆ ಗೊತ್ತಾಗುವುದಿಲ್ಲ, ನೀನು ಎಷ್ಟೇ ದೊಡ್ಡ ಈಜುಗಾರನಾಗಿದ್ದರೂ ಅದು ನಿನಗೆ ಕಾಣುವುದಿಲ್ಲ. ಒಬ್ಬ ಸ್ಥಳೀಯನನ್ನು ಜಾಕೆಟ್ ತೊಡಿಸಿ ದೋಣಿಯ ಮುಂದುಗಡೆ ಕೂರಿಸಿಕೋ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಸೇನೆ, ನೌಕಾಪಡೆ, ನಿಮ್ಮ ಪಡೆ ಎಲ್ಲವೂ ಬಂದಿದ್ದವು. ಆದರೂ ಗಂಗಾವಳಿ ನದಿಯ ಆ ಸೆಳೆತದೊಳಗೆ ಇಳಿಯಲು ನಮ್ಮ ಮಲ್ಪೆಯ ಮುಳುಗುಗಾರ ಈಶ್ವರ್ ಮಲ್ಪೆಯವರನ್ನೂ ಕರೆಸಿಕೊಂಡಿದ್ದರು. 2018ರಲ್ಲಿ ಕೇರಳ ಮುಳುಗಿದಾಗ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳಲ್ಲಿ ಹೇರಿಕೊಂಡು ಒಳನಾಡಿಗೆ ಹೋದದ್ದನ್ನು ನೀನೂ ಟಿ.ವಿ.ಯಲ್ಲಿ ನೋಡಿದ್ದೀಯೆ. ಸಮವಸ್ತ್ರ ಇಲ್ಲದವನಿಂದ ಕೇಳಿ ತಿಳಿದುಕೊಂಡರೆ ಸಮವಸ್ತ್ರದ ಮರ್ಯಾದೆಯೇನೂ ಕಡಿಮೆಯಾಗುವುದಿಲ್ಲ.

ನಮ್ಮ ಅಜ್ಜಿ 1923ರ ನೇತ್ರಾವತಿಯ ನೆರೆಯನ್ನು ‘ಮಾರಿಬೊಳ್ಳ’, ಅಂದರೆ ಮಾರಿಯಂಥ ನೆರೆ, ಎಂದೇ ಕರೆಯುತ್ತಿದ್ದರು. 1974ರ ಜುಲೈ 26ರಂದು ಬಂಟ್ವಾಳಕ್ಕೆ ಮತ್ತೆ ಅಂಥದೇ ನೆರೆ ಬಂದಾಗ ನಾನು ಹತ್ತು ವರ್ಷದ ಹುಡುಗಿ, ನಿನ್ನ ಅಪ್ಪ ತೊಟ್ಟಿಲ ಕೂಸು. ಕಡವಿನ ದೋಣಿಯವನು ಮಾಳಿಗೆಯ ಕಿಟಕಿಯಿಂದ ನಮ್ಮನ್ನು ಇಳಿಸಿಕೊಂಡ. ಆಗ ಫೋನಿಲ್ಲ, ಮುನ್ಸೂಚನೆಯಿಲ್ಲ, ಇದಕ್ಕೆಂದೇ ಕಟ್ಟಿದ ಪಡೆಯೂ ಇರಲಿಲ್ಲ. ನಿಮ್ಮ ಪಡೆ ಹುಟ್ಟಿದ್ದೇ 2005ರ ವಿಪತ್ತು ನಿರ್ವಹಣಾ ಕಾಯಿದೆ ಬಂದ ಮೇಲೆ, 2006ರಲ್ಲಿ. ಆ ದೋಣಿಯವನ ಹೆಸರನ್ನು ಅಮ್ಮ ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರು. ನನಗೆ ಈಗ ಅದು ಮರೆತುಹೋಗಿದೆ, ಅವನ ಕೈಯ ಬೀಡಿಯ ವಾಸನೆ ಮಾತ್ರ ನೆನಪಿದೆ.

ಇನ್ನೊಂದು ಮಾತು. 2024ರಲ್ಲಿ ಗುಡ್ಡ ಕುಸಿದ ವಯನಾಡಿನ ಚೂರಲ್‌ಮಲದಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನವರು, ಮೇಜರ್ ಸೀತಾ ಶೆಲ್ಕೆ ಎಂಬ ಹೆಣ್ಣುಮಗಳೂ ಅವರಲ್ಲಿ ಮುಂದಾಳಾಗಿ ನಿಂತು, ಉಕ್ಕಿನ ಸಿದ್ಧ ಭಾಗಗಳನ್ನು ಜೋಡಿಸುವ, 190 ಅಡಿ ಉದ್ದದ ಬೈಲಿ ಸೇತುವೆಯನ್ನು ಎರಡು ದಿನ ತುಂಬುವ ಮೊದಲೇ ಕಟ್ಟಿ ಮುಗಿಸಿದರು. ಆ ಚಿತ್ರಗಳು ಎಲ್ಲೆಡೆ ಹರಿದಾಡಿದವು, ಹರಿದಾಡಬೇಕಾದವೇ. ಆದರೆ ನಿನ್ನ ಬೆನ್ನ ಮೇಲಿರುವ ಮುದುಕಿಯ ಚಿತ್ರ ಹಾಗಲ್ಲ. ನನ್ನ ಅತ್ತೆ, ಸೆರಗು ಜಾರಿ, ಒದ್ದೆ ಕೂದಲು ಮುಖಕ್ಕೆ ಅಂಟಿಕೊಂಡಿದ್ದ ಸ್ಥಿತಿಯಲ್ಲಿ, ಯಾರೋ ದಡದಲ್ಲಿ ನಿಂತು ತೆಗೆದ ವಿಡಿಯೋದಲ್ಲಿ ಮೂರು ದಿನ ಊರೆಲ್ಲ ಸುತ್ತಿದರು. ನೆರೆಯನ್ನು ಮರೆತ ಅವರು ಆ ವಿಡಿಯೋವನ್ನು ಮರೆಯಲಿಲ್ಲ. ದಡದಲ್ಲಿ ಫೋನು ಎತ್ತಿ ಹಿಡಿದವರನ್ನು ಕಂಡರೆ ಗದರು. ಗದರುವ ಅಧಿಕಾರವನ್ನು ಬಳಸುವುದಾದರೆ ಅಲ್ಲಿ ಬಳಸು.

ನಿನ್ನ ಮೈಯ ಕಡೆಗೂ ಗಮನವಿರಲಿ. 2018ರಲ್ಲಿ ಕೊಡಗಿನ ಜೋಡುಪಾಲದ ಗುಡ್ಡ ಕುಸಿದು ಜನ ಕಲ್ಲುಗುಂಡಿಯ ಕಡೆಗೆ ಇಳಿದು ಬಂದಾಗ, ಕಾಳಜಿ ಕೇಂದ್ರದಲ್ಲಿ ಗಂಜಿ ಬಡಿಸಲು ನಾವು ನಾಲ್ಕು ಮಂದಿ ಶಿಕ್ಷಕಿಯರು ಹೋಗಿದ್ದೆವು. ಕೆಸರು ಮೆತ್ತಿದ ಬೂಟಿನಲ್ಲೇ ಗೋಡೆಗೊರಗಿ ನಿದ್ದೆ ಹೋಗಿದ್ದ ಒಬ್ಬ ಜವಾನನನ್ನು ಕಂಡೆ, ತಟ್ಟೆಯ ಗಂಜಿ ಆರಿತ್ತು. ಎಬ್ಬಿಸಲು ನಮ್ಮಲ್ಲಿ ಯಾರಿಗೂ ಮನಸ್ಸು ಬರಲಿಲ್ಲ. ಎಬ್ಬಿಸಿ ಉಣ್ಣಿಸಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಊಟ ಎಂದು ಯಾರಾದರೂ ಕರೆದಾಗ, ಇರಲಿ ಎನ್ನಬೇಡ. ಕೊಡುವವರಿಗೆ ತಾವೂ ಏನನ್ನೋ ಕೊಟ್ಟೆವೆಂಬ ಸಮಾಧಾನ ಬೇಕಾಗಿರುತ್ತದೆ. ಒಂದು ಲೋಟ ಬಿಸಿ ಕಷಾಯವಾದರೂ ಸರಿ, ತೆಗೆದುಕೋ.

ಗೌರಿ ಮೂರನೆಯ ದಿನ ಹೆದ್ದಾರಿಯ ಏರಿಯ ಮೇಲೆ ಮೇಯುತ್ತಿದ್ದಳು. ಈಗ ಅವಳ ಮಗಳು ಕೊಟ್ಟಿಗೆಯಲ್ಲಿದ್ದಾಳೆ. ಎಳೆದರೆ ಬಿಚ್ಚಿಕೊಳ್ಳುವ ಗಂಟನ್ನು ಆ ಹುಡುಗ ಅಂದು ದೋಣಿಯಲ್ಲೇ ಹೇಳಿಕೊಟ್ಟಿದ್ದ, ಹಗ್ಗವನ್ನು ಹಾಗೆಯೇ ಹಾಕುತ್ತೇನೆ. ಜೂನ್ ಬಂತೆಂದರೆ ಜಾಗದ ದಾಖಲೆ, ಆಧಾರ್, ನಿನ್ನ ಮಾವನ ಬಿ.ಪಿ. ಮಾತ್ರೆ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕುತ್ತೇನೆ. ಇನ್ನೊಮ್ಮೆ ದೋಣಿ ಬಂದರೆ ಅವರು ಕರೆಯುವ ಮೊದಲೇ ನಾನು ಮೆಟ್ಟಿಲಲ್ಲಿ ನಿಂತಿರುತ್ತೇನೆ, ನಿನ್ನ ಜೊತೆಗಾರರಿಗೆ ಇದನ್ನೂ ಹೇಳಿಬಿಡು.

ಹಲಸಿನ ಹಪ್ಪಳ ಒಣಗಿದೆ, ನಿನ್ನ ವಿಳಾಸ ಸರಿಯಾಗಿ ಬರೆದು ಕಳುಹಿಸಿದರೆ ಪಾರ್ಸೆಲ್ ಮಾಡುತ್ತೇನೆ.

ನಿನ್ನ ಅತ್ತೆ